ಐವತ್ತೊಂಬತ್ತಕ್ಕೆ ಮೊದಲ ಪುಸ್ತಕ



ತತ್ತ್ವಶಾಸ್ತ್ರ ಎಂಬ ಮಾತು ಕೇಳಿದೊಡನೆ "ಅಯ್ಯೋ, ಅದು ನಮಗಲ್ಲಪ್ಪ" ಎಂದು ಅಡುಗೆಯ ಪುಟಕ್ಕೆ ಹೊರಳಿಬಿಡಬೇಡಿ. ಈ ಸಲ ಹೇಳಹೊರಟಿರುವುದು ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದ ಒಬ್ಬ ಅಧ್ಯಾಪಕಿಯ ವಿಷಯ. ಆದರೆ ಆಕೆ ಮೂರು ಗಂಡುಮಕ್ಕಳನ್ನು ಸಾಕಿದ ತಾಯಿಯೂ ಹೌದು. ಆ ಎರಡನೆಯದೇ ಇಲ್ಲಿ ಮುಖ್ಯ.

ಹೆಸರು ಮೇರಿ ಮಿಡ್ಜ್‌ಲಿ. ಹುಟ್ಟಿದ್ದು 1919ರಲ್ಲಿ, ಲಂಡನ್ನಿನಲ್ಲಿ. ತಂದೆ ಪಾದ್ರಿ. 1938ರಲ್ಲಿ ಆಕ್ಸ್‌ಫರ್ಡಿನ ಸೋಮರ್‌ವಿಲ್ ಕಾಲೇಜು ಸೇರಿದರು. ಮರುವರ್ಷವೇ ಮಹಾಯುದ್ಧ. ಗಂಡುಹುಡುಗರು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೋದರು, ತರಗತಿಯಲ್ಲಿ ಗದ್ದಲ ಇಳಿಯಿತು, ಹೆಣ್ಣುಮಕ್ಕಳ ಮಾತು ಕೇಳುವವರು ಸಿಕ್ಕರು. ಮುಂದೆ ಕಾದಂಬರಿಗಾರ್ತಿಯಾಗಿ ಹೆಸರಾದ ಐರಿಸ್ ಮರ್ಡಾಕ್ ಆಗಿನ ಗೆಳತಿ. 1942ರಲ್ಲಿ ಮೇರಿ ಮೊದಲ ದರ್ಜೆಯಲ್ಲಿ ಪಾಸಾದರು. ರೆಡಿಂಗ್ ವಿಶ್ವವಿದ್ಯಾನಿಲಯದಲ್ಲಿ ಕೆಲಸವೂ ಸಿಕ್ಕಿತು.

1950ರಲ್ಲಿ ಮದುವೆ. ಗಂಡ ಜೆಫ್ರಿ ನ್ಯೂಕ್ಯಾಸಲ್‌ನಲ್ಲಿ ಅದೇ ವಿಷಯದ ಅಧ್ಯಾಪಕರು. ಕೆಲಸ ಬಿಟ್ಟವರು ಯಾರು ಅಂತ ನಾನು ಹೇಳಬೇಕೇ? ಮೇರಿಯೇ ಊರು ಬದಲಿಸಿದರು. ಒಂದರ ಹಿಂದೊಂದು ಮೂರು ಮಕ್ಕಳಾದವು. ಕೆಲವು ವರ್ಷ ಪಾಠ ನಿಂತೇಹೋಯಿತು. ಓದು ಮಾತ್ರ ನಿಲ್ಲಲಿಲ್ಲ. ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದರು, ರೇಡಿಯೊದಲ್ಲಿ ಮಾತಾಡಿದರು.

ಒಮ್ಮೆ ಬಿ.ಬಿ.ಸಿ. ರೇಡಿಯೊಗೆಂದು ಒಂದು ಭಾಷಣ ಬರೆದುಕೊಟ್ಟರು. ವಿಷಯ ಮಜವಾಗಿತ್ತು. ಪ್ಲೇಟೋ, ಡೆಕಾರ್ಟ್, ಸ್ಪಿನೋಜಾ, ಕಾಂಟ್—ಯೂರೋಪಿನ ದೊಡ್ಡ ತತ್ತ್ವಜ್ಞಾನಿಗಳಲ್ಲಿ ಎಷ್ಟೋ ಮಂದಿ ಬ್ರಹ್ಮಚಾರಿಗಳು! ಒಬ್ಬರೇ ಕೋಣೆಯಲ್ಲಿ ಕುಳಿತು "ನಾನಿರುವುದು ಖಚಿತ, ಬೇರೆಯವರು ನಿಜವಾಗಿ ಇದ್ದಾರೆಯೇ?" ಎಂದು ಸಂಶಯಪಡಲು ಅವರಿಗೆ ಪುರುಸೊತ್ತಿತ್ತು. ಮಗುವನ್ನು ಹೊತ್ತು ಹೆತ್ತು ಹಾಲೂಡಿಸಿದವಳಿಗೆ ಇಂಥ ಸಂಶಯ ಬರುವುದುಂಟೇ? ಸಂಸಾರ ಕಂಡವರೂ ತತ್ತ್ವ ಬರೆದಿದ್ದರೆ ಆ ಶಾಸ್ತ್ರವೇ ಬೇರೆ ಬಣ್ಣ ತಾಳುತ್ತಿತ್ತು ಎನ್ನುವುದು ಮೇರಿಯ ವಾದ. ಬುದ್ಧಿಯ ವಿಚಾರದಲ್ಲಿ ಮನೆಯ ಸಣ್ಣಪುಟ್ಟ ಮಾತು ಏಕೆ ಎಂದು ಭಾಷಣವನ್ನು ಹಿಂದಿರುಗಿಸಲಾಯಿತು.

ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, 1962ರಲ್ಲಿ, ನ್ಯೂಕ್ಯಾಸಲ್‌ನಲ್ಲೇ ಮೇರಿ ಮತ್ತೆ ಪಾಠಕ್ಕೆ ನಿಂತರು. ಜೊತೆಗೆ ಪ್ರಾಣಿಗಳ ನಡವಳಿಕೆ ಕುರಿತ ಪುಸ್ತಕಗಳನ್ನೆಲ್ಲ ಓದಿದರು. 1978ರಲ್ಲಿ 'ಬೀಸ್ಟ್ ಅಂಡ್ ಮ್ಯಾನ್' ಹೊರಬಂತು. ಆಗ ವಯಸ್ಸು ಐವತ್ತೊಂಬತ್ತು. ಅದೇ ಮೊದಲ ಪುಸ್ತಕ!

ಕ್ರೂರಿಯನ್ನು 'ಮೃಗ' ಎನ್ನುತ್ತೇವಲ್ಲ, ಅದು ಮೃಗಗಳಿಗೆ ಮಾಡುವ ಅನ್ಯಾಯ ಎನ್ನುತ್ತದೆ ಆ ಪುಸ್ತಕ. ತೋಳ ಕೂಡ ತನ್ನ ಸಂಗಾತಿಯನ್ನು, ಮರಿಗಳನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತದೆ. ಹಾಗೆಯೇ ಮನುಷ್ಯನ ಮಗು ಬರೀ ಖಾಲಿ ಹಲಗೆಯಲ್ಲ. ಹುಟ್ಟುವಾಗಲೇ ತನ್ನದೊಂದು ಸ್ವಭಾವ ಹೊತ್ತು ಬರುತ್ತದೆ. ಇಬ್ಬರು ಮೂವರನ್ನು ಸಾಕಿದ ತಾಯಿಗೆ ಇದನ್ನು ಹೇಳಿಕೊಡಬೇಕೇನು?

ಆಕೆಯ ಇನ್ನೊಂದು ಮಾತು ನಮಗೆ ಹೇಳಿ ಮಾಡಿಸಿದ್ದು. ತತ್ತ್ವಶಾಸ್ತ್ರವನ್ನು ಆಕೆ ನಲ್ಲಿ-ಮೋರಿ ರಿಪೇರಿಗೆ ಹೋಲಿಸಿದರು. ನೆಲದಡಿಯ ಕೊಳಾಯಿ ಚೆನ್ನಾಗಿರುವವರೆಗೆ ಯಾರೂ ನೆನೆಯುವುದಿಲ್ಲ. ನೀರು ಸೋರಿ ವಾಸನೆ ಬಂದಾಗ ಅಗೆದು ನೋಡಲೇಬೇಕು. ನಮ್ಮ ನಂಬಿಕೆಗಳೂ ಹಾಗೆಯೇ. "ಹೆಣ್ಣುಮಗು, ಇಷ್ಟು ಓದಿದ್ದು ಸಾಕು" ಎನ್ನುವ ಮಾತು ಎಷ್ಟು ಮನೆಗಳ ಅಡಿಯಲ್ಲಿ ಹರಿದಿಲ್ಲ! ಒಮ್ಮೆ ಅಗೆದು ನೋಡಿದರೆ ಎಲ್ಲಿ ಸೋರುತ್ತಿದೆ ಅಂತ ತಿಳಿದೀತು.

1980ರಲ್ಲಿ ಮೇರಿ ನಿವೃತ್ತರಾದರು. ಆ ದಶಕದಲ್ಲೇ ಅವರ ವಿಭಾಗವನ್ನೇ ಮುಚ್ಚಿದರು. ಬರವಣಿಗೆ ಮುಚ್ಚಲಿಲ್ಲ. ಹದಿನೈದಕ್ಕೂ ಹೆಚ್ಚು ಪುಸ್ತಕ ಬರೆದರು. ಕೊನೆಯದು ಹೊರಬಂದದ್ದು 2018ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಡವಾಗಿ ಬರೆದದ್ದಕ್ಕೆ ಆಕೆಗೆ ಬೇಸರವಿರಲಿಲ್ಲ. ಅದಕ್ಕೂ ಮೊದಲು ತನ್ನ ಅಭಿಪ್ರಾಯವೇನೆಂದು ತನಗೇ ಗೊತ್ತಿರಲಿಲ್ಲ ಎನ್ನುತ್ತಿದ್ದರು.

"ಆಕ್ಸ್‌ಫರ್ಡಿನಲ್ಲಿ ಓದಿದವರ ಮಾತು ಬಿಡಿ, ನಮಗೆಲ್ಲಿ ಆ ಅನುಕೂಲ" ಎನ್ನುತ್ತೀರಿ. ಒಪ್ಪಿದೆ. ನಾವೆಲ್ಲ ಪುಸ್ತಕ ಬರೆಯಬೇಕಾಗಿಯೂ ಇಲ್ಲ. ಆದರೆ ತೊಟ್ಟಿಲು ತೂಗಿದ ವರ್ಷಗಳನ್ನು ಆಕೆ ದಂಡ ಎಂದು ಲೆಕ್ಕ ಹಾಕಲಿಲ್ಲ. ನೀವೂ ಹಾಕಬೇಡಿ. ಒಗ್ಗರಣೆ ಹಾಕುವಾಗ ತಲೆಯಲ್ಲೊಂದು ಪ್ರಶ್ನೆ ಸುಳಿದರೆ "ನನಗ್ಯಾಕೆ" ಎಂದು ತಳ್ಳದೆ, ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಾದರೂ ಬರೆದಿಡಿ. ಉತ್ತರ ನಿಧಾನವಾಗಿಯೇ ಬರಲಿ.