ಕಿರ್ದಿ ಒಂದು, ಖಾತೆ ಹಲವು



ಅಂಗಡಿಯ ಗಾದಿಯ ಮೇಲೆ ಕುಳಿತು ನಲವತ್ತು ವರ್ಷ ಜೋಳ, ತೊಗರಿ ತೂಗಿದ ನಾವು ಈ ಸಲ ಕಂಪ್ಯೂಟರಿನ ವಿಷಯ ಬರೆಯುತ್ತೇವೆಂದರೆ ಕೆಲವರಿಗೆ ನಗೆ ಬಂದೀತು. ನಮ್ಮ ಓದು ಮೆಟ್ರಿಕ್‌ಗೆ ನಿಂತದ್ದು. ಆದರೂ ಬರೆಯಲೇಬೇಕಾಗಿದೆ. ಏಕೆಂದರೆ ಈ ವಿಷಯದಲ್ಲಿ ನಮ್ಮ ಕೈಯಿಂದಲೇ ಒಂದು ತಪ್ಪು ನಡೆಯಿತು. ಅದರ ಪೆಟ್ಟು ಮನೆಯ ಮಗಳಿಗೆ ಬಿತ್ತು.

ನಡೆದದ್ದು ಇಷ್ಟು. 2023ರಲ್ಲಿ ನಮ್ಮ ತಮ್ಮನ ಮಗಳು ಇಂಜಿನಿಯರಿಂಗ್ ಮುಗಿಸಿ ಪುಣೆಯ ಒಂದು ಕಂಪನಿಗೆ ಅರ್ಜಿ ಹಾಕಿದಳು. ಅದಕ್ಕೆ ಮೊದಲು ಅವಳು ತನ್ನ ಬಯೋಡಾಟಾದ ಒಂದು ಪ್ರತಿಯನ್ನು ನಮ್ಮ ಕೈಗೂ ಕೊಟ್ಟಿದ್ದಳು. ಆಮೇಲೆ ಮರುಮೌಲ್ಯಮಾಪನದಲ್ಲಿ ಅವಳ ಅಂಕ ಏರಿತು. ಅವಳು ತನ್ನ ಪ್ರತಿಯಲ್ಲಿ ಅಂಕ ತಿದ್ದಿಕೊಂಡಳು. ನಮ್ಮ ಗಲ್ಲಾಪೆಟ್ಟಿಗೆಯಲ್ಲಿದ್ದ ಪ್ರತಿ ಮಾತ್ರ ಹಾಗೆಯೇ ಉಳಿಯಿತು. ನಾವು ಒಳ್ಳೆಯದಾಗಲಿ ಎಂದು, ಯಾರನ್ನೂ ಕೇಳದೆ, ಅದೇ ಹಳೆಯ ಪ್ರತಿಯನ್ನು ಪರಿಚಯದವರ ಕೈಯಲ್ಲಿ ಅದೇ ಕಂಪನಿಗೆ ಮುಟ್ಟಿಸಿದೆವು. ಸಂದರ್ಶನದ ದಿನ ಮೇಜಿನ ಮೇಲೆ ಎರಡು ಕಾಗದ. ಒಂದರಲ್ಲಿ ಒಂದು ಅಂಕ, ಇನ್ನೊಂದರಲ್ಲಿ ಇನ್ನೊಂದು. "ಇವೆರಡರಲ್ಲಿ ನಿಜ ಯಾವುದು?" ಎಂದು ಕೇಳಿದರಂತೆ. ಆ ಎರಡನೆಯ ಕಾಗದ ಎಲ್ಲಿಂದ ಬಂತೆಂದೇ ತಿಳಿಯದ ಹುಡುಗಿ ತಡವರಿಸಿದಳು. ಆ ಕೆಲಸ ಕೈಬಿಟ್ಟಿತು.

ವ್ಯಾಪಾರದಲ್ಲಿ ಎರಡು ವಹಿ ಇಟ್ಟವನನ್ನು ಜನ ಏನೆಂದು ಕರೆಯುತ್ತಾರೆ ಎಂಬುದು ನಮಗೆ ಗೊತ್ತು. ಸುಳ್ಳೇ ಆಡದ ಮಗಳಿಗೆ ಆ ಮಾತು ತಗಲುವಂತೆ ಮಾಡಿದವರು ನಾವು. ವಿಷಯ ತಿಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವಳ ಮುಂದೆ ತಪ್ಪು ಒಪ್ಪಿಕೊಂಡೆವು. ಅವಳು ಸಿಟ್ಟಾಗಲಿಲ್ಲ. "ದೊಡ್ಡಪ್ಪಾ, ತಪ್ಪು ನಿಮ್ದಷ್ಟ ಅಲ್ಲ. ನನ್ನ ಹತ್ರನ ಆರು ನಮೂನಿ ಅದಾವ. ಯಾವ್ದರಾಗ ಏನ್ ತಿದ್ದೀನಿ ಅಂತ ನನಗ ನೆನಪಿಲ್ಲ" ಎಂದಳು.

ಆರು ನಮೂನೆ ಏಕೆ ಬೇಕು? ನಮ್ಮ ಕಾಲದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ, ಕಾರ್ಬನ್ ಕಾಗದ ಇಟ್ಟು, ಒಮ್ಮೆಗೇ ಮೂರು ಪ್ರತಿ ಬಡಿಸಿಕೊಂಡು ಬಂದರೆ ಕೆಲಸ ಮುಗಿಯಿತು. ಮೂರರಲ್ಲೂ ಅದೇ ಅಕ್ಷರ. ಈಗ ಹಾಗಲ್ಲ. ಒಬ್ಬರು ಪಿಡಿಎಫ್ ಕಳಿಸಿ ಎನ್ನುತ್ತಾರೆ. ಅದು ಯಾವ ಯಂತ್ರದಲ್ಲಿ ತೆರೆದರೂ ಅಚ್ಚಿನಂತೆ ಒಂದೇ ತೆರನಾಗಿ ಕಾಣುತ್ತದೆ. ಅಡೋಬಿ ಕಂಪನಿ 1993ರಲ್ಲಿ ಹೊರತಂದ ಈ ಪದ್ಧತಿ 2008ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆಯಿತು. ಇನ್ನೊಬ್ಬರು ವರ್ಡ್ ಕಡತ ಬೇಕೆನ್ನುತ್ತಾರೆ. ನೌಕರಿ ಕೊಡಿಸುವ ಮಧ್ಯವರ್ತಿಗಳು ಅದರಲ್ಲಿ ತಮ್ಮ ಹೆಸರು ಸೇರಿಸಿ ಮುಂದೆ ಕಳಿಸಬೇಕಾಗಿರುತ್ತದೆ. ಮತ್ತೊಂದು ಕಡೆ ಅರ್ಜಿಯ ಚೌಕದಲ್ಲಿ ಬರಿಯ ಅಕ್ಷರ ಅಂಟಿಸಬೇಕು, ಅಲಂಕಾರ ಏನೂ ನಡೆಯದು. ಹುಡುಗರು ತಮ್ಮದೇ ಜಾಲತಾಣ ಇಟ್ಟುಕೊಂಡಿದ್ದರೆ ಅದಕ್ಕೆ ಎಚ್‌ಟಿಎಂಎಲ್ ಬೇಕು. ಒಂದೊಂದನ್ನೂ ಬೇರೆ ಬೇರೆ ಬರೆದಿಟ್ಟರೆ, ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಉಳಿದುಹೋಗುತ್ತದೆ.

ದೀಪಾವಳಿ ರಜೆಯಲ್ಲಿ ನಮ್ಮ ಅಕ್ಕನ ಮೊಮ್ಮಗ ಅಕ್ಕಲಕೋಟೆಗೆ ಬಂದಿದ್ದ. ಕಂಪ್ಯೂಟರ್ ಕೆಲಸದ ಹುಡುಗ. ವಿಷಯ ಕೇಳಿ, ಗಾದಿಯ ಪಕ್ಕದಲ್ಲಿ ಕುಳಿತು, "ಅಜ್ಜಾ, ನೀವು ದಿನದ ವ್ಯವಹಾರ ಎಲ್ಲಿ ಬರೀತೀರಿ?" ಎಂದ. ಕಿರ್ದಿಯಲ್ಲಿ ಎಂದೆವು. "ಮತ್ತ ಖಾತೆ?" ಖಾತೆ ಕಿರ್ದಿಯಿಂದ ಏರಿಸುತ್ತೇವೆ; ಗಿರಾಕಿಯ ಖಾತೆ, ಸರಕಿನ ಖಾತೆ, ವರ್ಷದ ಕೊನೆಗೆ ತಾಳೆಪಟ್ಟಿ ಎಲ್ಲವೂ ಕಿರ್ದಿಯಿಂದಲೇ ಎಂದೆವು. "ಹಂಗಾರ ಬಯೋಡಾಟಾಕ್ಕೂ ಒಂದ ಕಿರ್ದಿ ಇಡೋಣು. ಉಳಿದದ್ದೆಲ್ಲಾ ಅದರಿಂದನ ತೆಗೆಯೋಣು" ಎಂದ. ಆ ಒಂದು ಮಾತಿನಿಂದ ನಮಗೆ ಇಡೀ ವಿಷಯ ತಿಳಿಯಿತು.

ಅವನು ತೋರಿಸಿದ ಉಪಕರಣದ ಹೆಸರು ಪ್ಯಾಂಡಾಕ್. ಇದನ್ನು ಮಾಡಿದವರು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫರ್ಲೇನ್. ಅವರು ಕಲಿಸುವುದು ಕಂಪ್ಯೂಟರ್ ಅಲ್ಲ, ತತ್ವಶಾಸ್ತ್ರ! 2006ರಲ್ಲಿ ಮೊದಲು ಹೊರಬಂದ ಈ ಉಪಕರಣಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದಕ್ಕೆ ಚಿತ್ರ, ಗುಂಡಿ ಏನೂ ಇಲ್ಲ. ಒಂದು ಕಪ್ಪು ಕಿಟಕಿ ತೆರೆದು, ಅದರಲ್ಲಿ ಒಂದು ಸಾಲಿನ ಆಜ್ಞೆ ಬರೆಯಬೇಕು. ನಮಗೆ ಹಳೆಯ ತಾರು ನೆನಪಾಯಿತು. 2013ರಲ್ಲಿ ಸರಕಾರ ಆ ಸೇವೆ ನಿಲ್ಲಿಸಿತು. ಅದರಲ್ಲೂ ಹೀಗೆಯೇ, ಮಾತು ಚಿಕ್ಕದು, ಒಂದು ಅಕ್ಷರ ತಪ್ಪಿದರೆ ಸರಕು ಬೇರೆ ಊರಿಗೆ.

ಮೊದಲ ಕೆಲಸ ಕಿರ್ದಿ ಬರೆಯುವುದು. ಇದಕ್ಕೆ ವರ್ಡ್ ಬೇಡ, ನೋಟ್‌ಪ್ಯಾಡ್ ಸಾಕು. ಬರೆಯುವ ಪದ್ಧತಿಗೆ ಮಾರ್ಕ್‌ಡೌನ್ ಎಂದು ಹೆಸರು. 2004ರಲ್ಲಿ ಜಾನ್ ಗ್ರೂಬರ್ ಎಂಬವರು ಪ್ರಕಟಿಸಿದ್ದು. ಅದರ ನಿಯಮ ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಯುತ್ತದೆ. ಸಾಲಿನ ಮೊದಲು ಒಂದು ಹ್ಯಾಶ್ ಗುರುತು ಹಾಕಿ ಜಾಗ ಬಿಟ್ಟರೆ ಅದು ದೊಡ್ಡ ತಲೆಬರಹ. ಎರಡು ಹಾಕಿದರೆ ಉಪತಲೆಬರಹ. ಸಾಲಿನ ಮೊದಲು ಕಿರುಗೆರೆ ಇಟ್ಟರೆ ಪಟ್ಟಿ. ಮಾತಿನ ಎರಡೂ ಬದಿಗೆ ಎರಡೆರಡು ನಕ್ಷತ್ರ ಇಟ್ಟರೆ ದಪ್ಪಕ್ಷರ. ಹೆಸರು, ವಿಳಾಸ, ಓದು, ಅನುಭವ, ಬಲ್ಲ ಭಾಷೆಗಳು ಎಂದು ತಲೆಬರಹ ಹಾಕಿ ಬರೆದು, ಹೆಸರಿನ ಕೊನೆಗೆ ಡಾಟ್ ಎಂಡಿ ಎಂದು ಸೇರಿಸಿ ಉಳಿಸಬೇಕು. ಇಲ್ಲಿ ಎರಡು ಕಡೆ ನಮ್ಮ ಮನೆಯಲ್ಲಿ ಎಡವಿದರು. ಪಟ್ಟಿಯ ಮೊದಲು ಒಂದು ಖಾಲಿ ಸಾಲು ಬಿಡದಿದ್ದರೆ ಪಟ್ಟಿಯೆಲ್ಲ ಕಲಸಿಕೊಂಡು ಒಂದೇ ಪರಿಚ್ಛೇದವಾಗುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಎಲ್ಲ ಬಗೆಯ ಕಡತ ಎಂಬುದನ್ನು ಆರಿಸದಿದ್ದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂಬ ಬಾಲ ಅಂಟಿಕೊಳ್ಳುತ್ತದೆ, ಆಗ ಆ ಹೆಸರಿನ ಕಡತ ಸಿಗುವುದೇ ಇಲ್ಲ.

ಇನ್ನು ಆಜ್ಞೆ. ಕಡತ ಇರುವ ಫೋಲ್ಡರಿನಲ್ಲಿಯೇ ಕಪ್ಪು ಕಿಟಕಿ ತೆರೆಯಬೇಕು. ಮೊದಲು ಪ್ಯಾಂಡಾಕ್ ಎಂಬ ಶಬ್ದ, ಜಾಗ, ಮೂಲ ಕಡತದ ಹೆಸರು, ಜಾಗ, ಕಿರುಗೆರೆಗೆ ಹತ್ತಿದಂತೆ ಇಂಗ್ಲಿಷಿನ ಚಿಕ್ಕ ಓ ಅಕ್ಷರ, ಜಾಗ, ನಮಗೆ ಬೇಕಾದ ಹೊಸ ಕಡತದ ಹೆಸರು. ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ. ಹೊಸ ಹೆಸರಿನ ಕೊನೆಗೆ ಡಾಕ್ಸ್ ಎಂದಿದ್ದರೆ ವರ್ಡ್ ಕಡತ ಬರುತ್ತದೆ, ಪಿಡಿಎಫ್ ಎಂದಿದ್ದರೆ ಪಿಡಿಎಫ್. ಬಾಲ ನೋಡಿಯೇ ಅದು ತಿಳಿದುಕೊಳ್ಳುತ್ತದೆ. ಜಾಲತಾಣಕ್ಕೆ ಎಚ್‌ಟಿಎಂಎಲ್ ತೆಗೆಯುವಾಗ ಕಿರುಗೆರೆ ಮತ್ತು ಚಿಕ್ಕ ಎಸ್ ಅಕ್ಷರವನ್ನೂ ಸೇರಿಸಬೇಕು. ಇಲ್ಲದಿದ್ದರೆ ತಲೆ ಕಾಲು ಇಲ್ಲದ ತುಂಡು ಬರುತ್ತದೆ. ವರ್ಡ್ ಕಡತದ ಅಕ್ಷರದ ಗಾತ್ರ, ಅಂಚು ಹಿಡಿಸದಿದ್ದರೆ, ನಮಗೆ ಬೇಕಾದ ಶೈಲಿಯ ಒಂದು ಮಾದರಿ ವರ್ಡ್ ಕಡತ ಮಾಡಿಟ್ಟು ಅದನ್ನು ನೋಡಿ ಮಾಡು ಎಂದು ಹೇಳಲಿಕ್ಕೂ ಬರುತ್ತದೆ.

ಹುಡುಗ ಇನ್ನೊಂದು ಜಾಣತನ ಮಾಡಿದ. ಈ ಆಜ್ಞೆಗಳನ್ನೆಲ್ಲ ಒಂದು ಬ್ಯಾಚ್ ಕಡತದಲ್ಲಿ ಒಂದರ ಕೆಳಗೊಂದು ಬರೆದಿಟ್ಟ. ಈಗ ಮಗಳು ಕಿರ್ದಿಯಲ್ಲಿ ಒಂದು ಅಂಕ ತಿದ್ದಿ ಆ ಕಡತದ ಮೇಲೆ ಎರಡು ಸಲ ಒತ್ತಿದರೆ ಎಲ್ಲ ನಮೂನೆಗಳೂ ಒಟ್ಟಿಗೆ ಹೊಸದಾಗುತ್ತವೆ. ಹಳೆಯ ಅಂಕ ಯಾವ ಮೂಲೆಯಲ್ಲೂ ಉಳಿಯದು.

ಆದರೆ ಯಾವ ಸರಕನ್ನೂ ಗುಣ ಮಾತ್ರ ಹೇಳಿ ಮಾರಬಾರದು. ದೋಷವನ್ನೂ ಹೇಳುತ್ತೇವೆ. ಪಿಡಿಎಫ್ ತೆಗೆಯಲು ಪ್ಯಾಂಡಾಕ್ ಒಂದೇ ಸಾಲದು. ಪುಟ ಜೋಡಿಸುವ ಇನ್ನೊಂದು ಉಪಕರಣ ಬೇಕು. ಬೇರೆ ಹೇಳದಿದ್ದರೆ ಅದು ಲೇಟೆಕ್ ಎಂಬುದನ್ನು ಹುಡುಕುತ್ತದೆ. ಅದು ದೊಡ್ಡದು, ಇಳಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಅದರ ರೂಢಿಯ ಯಂತ್ರಕ್ಕೆ ಕನ್ನಡ ಅಕ್ಷರ ಬರುವುದಿಲ್ಲ. ತಪ್ಪೆಂದು ಹೇಳಿ ನಿಂತುಬಿಡುತ್ತದೆ. ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಮುಖ್ಯ. ಕನ್ನಡ ಶಾಲೆಯ ಶಿಕ್ಷಕರ ಕೆಲಸಕ್ಕೆ ಕನ್ನಡದಲ್ಲೇ ಅರ್ಜಿ ಕೊಡುವವರು ಝೀಟೆಕ್ ಎಂಬ ಯಂತ್ರವನ್ನು ಆರಿಸಿ, ನೋಟೋ ಮುಂತಾದ ಒಂದು ಕನ್ನಡ ಅಕ್ಷರಶೈಲಿಯ ಹೆಸರು ಕೊಡಬೇಕು. ಆಗ ಒತ್ತಕ್ಷರಗಳೂ ಸರಿಯಾಗಿ ಬರುತ್ತವೆ.

ಇನ್ನೊಂದು ಮಾತು. ಪ್ಯಾಂಡಾಕ್ ಉಡುಪು ಬದಲಿಸುತ್ತದೆ, ಭಾಷೆ ಬದಲಿಸುವುದಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೇಕಾದರೆ ಮೂರು ಕಿರ್ದಿ ಬರೆಯಲೇಬೇಕು. ಆಗ ತಾರೀಖು, ಅಂಕಗಳನ್ನು ಮೂರರಲ್ಲೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಬೇಕು, ನಾವು ವರ್ಷದ ಕೊನೆಗೆ ವಹಿ ತಾಳೆ ಹಾಕಿದಂತೆ. ಹಾಗೆಯೇ ಪಿಡಿಎಫ್ ಕೊಟ್ಟು ಕಿರ್ದಿ ಮಾಡಿಕೊಡು ಎಂದರೆ ಇದು ಒಪ್ಪುವುದಿಲ್ಲ. ಹಿಟ್ಟಿನಿಂದ ಮತ್ತೆ ಜೋಳ ಬರುವುದುಂಟೇ? ಆದ್ದರಿಂದ ಮೂಲ ಕಡತವನ್ನು ಜೋಪಾನವಾಗಿ ಎರಡು ಕಡೆ ಇಡಬೇಕು.

ಮನೆಯ ಹಿರಿಯರಿಗೆ ನಮ್ಮ ಅನುಭವದ ನಾಲ್ಕು ಮಾತು:

ಮಕ್ಕಳ ಬಯೋಡಾಟಾವನ್ನು ಅವರನ್ನು ಕೇಳದೆ ಯಾರಿಗೂ ಕೊಡಬೇಡಿರಿ. ನಮ್ಮ ಪ್ರೀತಿಯೇ ಅವರಿಗೆ ತೊಡಕಾದೀತು.

ಪ್ರತಿಯ ಕೆಳಗೆ ತಯಾರಿಸಿದ ತಾರೀಖು ಹಾಕಿಸಿರಿ. ಹೊಸದು ಬಂದೊಡನೆ ಹಳೆಯದನ್ನು ಹರಿದುಹಾಕಿರಿ.

ಬಣ್ಣ, ಕೋಷ್ಟಕ, ಎರಡು ಕಾಲಮ್ಮಿನ ಸೊಗಸು ಕಡಿಮೆ ಇರಲಿ. ಈಗ ಅನೇಕ ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಯಂತ್ರ; ಸಾದಾ ಬರಹ ಅದಕ್ಕೆ ಸುಲಭ.

ಜಾಲತಾಣಕ್ಕೆ ಹಾಕುವ ಪ್ರತಿಯಲ್ಲಿ ಮನೆಯ ವಿಳಾಸ, ಜನ್ಮದಿನಾಂಕ, ಆಧಾರ್ ಸಂಖ್ಯೆ ಬೇಡ. ನೋಡುವವರು ಯಾರೆಂದು ನಮಗೆ ಗೊತ್ತಿರುವುದಿಲ್ಲ.

ಮಗಳಿಗೆ ಮರುವರ್ಷ ಬೇರೊಂದು ಕಡೆ ಕೆಲಸ ಸಿಕ್ಕಿತು. ಸಿಕ್ಕಿದ್ದು ಈ ಉಪಕರಣದಿಂದ ಅಲ್ಲ, ಅವಳ ಓದಿನಿಂದ. ಆದರೆ ಸಂದರ್ಶನ ಮುಗಿಸಿ ಫೋನ್ ಮಾಡಿದಾಗ ಅವಳು ಹೇಳಿದ ಮೊದಲ ಮಾತು ಇದು: "ದೊಡ್ಡಪ್ಪಾ, ಈ ಸಲ ಮೇಜಿನ ಮ್ಯಾಲ ಒಂದ ಕಾಗದ ಇತ್ತು." ನಮಗೆ ಅಷ್ಟು ಸಾಕಾಯಿತು. ಗಲ್ಲಾಪೆಟ್ಟಿಗೆಯಲ್ಲಿ ಈಗ ಅವಳ ಯಾವ ಪ್ರತಿಯೂ ಇಲ್ಲ. ಯಾರಾದರೂ ಕೇಳಿದರೆ ಅವಳ ಫೋನ್ ನಂಬರ್ ಕೊಡಲೇ ಎಂದು ಮೊದಲು ಅವಳನ್ನೇ ಕೇಳುತ್ತೇವೆ.