ಬಡವರಾದರೂ ನಗುತ್ತಾರಂತೆ!

ಒಂದು ವಾಕ್ಯದ ಮೇಲೆ ನನಗೆ ತಕರಾರಿದೆ. 'ಅವರ ಬಳಿ ಏನೂ ಇಲ್ಲ, ಆದರೂ ಎಷ್ಟು ಖುಷಿಯಾಗಿದ್ದಾರೆ!' ಎಂಬ ವಾಕ್ಯ.

ಪ್ರವಾಸ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿರುವುದರಿಂದ, ಆಫ್ರಿಕಾ ಖಂಡದ ದಕ್ಷಿಣ ತುದಿಯ ಹಳ್ಳಿ ಚರ್ಚುಗಳಿಗೆ ಒಂದು ದಿನದ ಮಟ್ಟಿಗೆ ಹೋಗಿಬಂದ ಸ್ವಯಂಸೇವಕರ ದಿನಚರಿಗಳನ್ನು ಸಾಕಷ್ಟು ಓದಿದ್ದೇನೆ. ಬರೆದವರು ಬೇರೆ, ದೇಶ ಬೇರೆ. ಬರಹ ಮಾತ್ರ ಒಂದೇ. ಬೆಳಗ್ಗೆ ಮಣ್ಣಿನ ರಸ್ತೆ, ತಗಡಿನ ಸೂರಿನ ಚರ್ಚು, ಮೈ ಜುಮ್ಮೆನ್ನಿಸುವ ಹಾಡು, ಕೈ ಹಿಡಿದುಕೊಳ್ಳುವ ಮಕ್ಕಳು, ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಸಂಜೆ ಕಣ್ಣೀರು. ಕೊನೆಗೆ ಈ ವಾಕ್ಯ. ಇದನ್ನು ಮುಗ್ಧ ಮೆಚ್ಚುಗೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಒಂದಿಡೀ ಸಮುದಾಯದ ಚರಿತ್ರೆ, ದುಡಿಮೆ, ಓದು ಬರಹ ಎಲ್ಲವೂ 'ಏನೂ ಇಲ್ಲ' ಎಂಬ ಎರಡು ಪದಗಳಲ್ಲಿ ಅಳಿಸಿಹೋಗುತ್ತವೆ. ನನ್ನ ತಕರಾರು ಅದಕ್ಕೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ದೇಶವನ್ನು ಹಿಡಿದು ಹೇಳುತ್ತೇನೆ. ಲೆಸೊಥೊ. ನಾಲ್ಕೂ ದಿಕ್ಕಿನಲ್ಲಿ ದಕ್ಷಿಣ ಆಫ್ರಿಕಾ ಸುತ್ತುವರಿದಿರುವ ಪುಟ್ಟ ಬೆಟ್ಟದ ನಾಡು. ಅಲ್ಲಿಗೆ ಫ್ರೆಂಚ್ ಪ್ರಾಟೆಸ್ಟಂಟ್ ಮಿಶನರಿಗಳು ಬಂದದ್ದು 1833ರಲ್ಲಿ. ಬಂದರು ಎನ್ನುವುದಕ್ಕಿಂತ ಕರೆಸಿಕೊಳ್ಳಲಾಯಿತು ಎನ್ನಬೇಕು. ಬಾಸೊಥೊ ಜನರ ಅರಸ ಮೊಶ್ವೇಶ್ವೆ, ಮಿಶನರಿಯೊಬ್ಬನನ್ನು ಪಡೆಯಲು ದನಗಳ ಹಿಂಡನ್ನೇ ಕಳಿಸಿದ್ದ. ಅವು ದಾರಿಯಲ್ಲೇ ಲೂಟಿಯಾದವು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಯುದ್ಧಗಳ ನಡುವೆ ನಾಡು ಕಟ್ಟುತ್ತಿದ್ದ ಆ ಮುತ್ಸದ್ದಿಗೆ ಹೊರಗಿನ ಲೋಕದ ಭಾಷೆ ಬಲ್ಲವರು ಬೇಕಿತ್ತು. ಯೂಜೀನ್ ಕಸಾಲಿಸ್ ಎಂಬ ಮಿಶನರಿ ಅವನ ವಿದೇಶಿ ವ್ಯವಹಾರಗಳ ಸಲಹೆಗಾರನೇ ಆದ. ಮೊಶ್ವೇಶ್ವೆ ಮಾತ್ರ 1870ರಲ್ಲಿ ಸಾಯುವ ತನಕ ದೀಕ್ಷಾಸ್ನಾನ ಪಡೆಯಲಿಲ್ಲ. ಯಾರು ಯಾರನ್ನು ಬಳಸಿಕೊಂಡರು? ಉತ್ತರ ಸುಲಭವಲ್ಲ. ಸುಲಭವಲ್ಲದ ಉತ್ತರ ಒಂದು ದಿನದ ದಿನಚರಿಯಲ್ಲಿ ಹಿಡಿಸುವುದೂ ಇಲ್ಲ.

ಆ ಮಿಶನ್ನಿನ ಕೇಂದ್ರವಾದ ಮೊರಿಜಾದಲ್ಲಿ ಮುದ್ರಣಾಲಯ ಬಂತು. 1863ರಲ್ಲಿ 'ಲೆಸೆಲಿನ್ಯಾನಾ ಲಾ ಲೆಸೊಥೊ', ಅಂದರೆ ಲೆಸೊಥೊದ ಪುಟ್ಟ ಬೆಳಕು, ಎಂಬ ಪತ್ರಿಕೆ ಶುರುವಾಯಿತು. ಅಲ್ಲಿಯ ಶಾಲೆಯಲ್ಲಿ ಓದಿ, ಅಲ್ಲಿಯ ಪುಸ್ತಕ ಮಳಿಗೆಯಲ್ಲಿ ಕೆಲಸ ಮಾಡಿದ ಥಾಮಸ್ ಮೊಫೊಲೊ ಸೆಸೊಥೊ ಭಾಷೆಯಲ್ಲಿ ಕಾದಂಬರಿ ಬರೆದ. ಮೊದಲನೆಯದು 1907ರಲ್ಲಿ ಪುಸ್ತಕವಾಯಿತು. ಅದರ ಹೆಸರಿನ ಅರ್ಥ 'ಪೂರ್ವದ ಪಯಣಿಗ'. ಗಮನಿಸಿ: ಹೊರಗಿನವರು ಬಂದು ಇವರ ಬಗ್ಗೆ ಪ್ರವಾಸ ಬರೆಯುತ್ತಿದ್ದ ಕಾಲದಲ್ಲೇ, ಇಲ್ಲಿಯವನೊಬ್ಬ ದೇವರನ್ನು ಹುಡುಕಿ ಹೊರಟ ಪಯಣಿಗನ ಕಥೆ ಬರೆದ. ಅವನ 'ಚಾಕಾ' 1910ರ ಹೊತ್ತಿಗೆ ಸಿದ್ಧವಾಗಿದ್ದರೂ ಅಚ್ಚಾದದ್ದು 1925ರಲ್ಲಿ. ಹಳೆಯ ನಂಬಿಕೆಗಳಿಗೆ ಅದು ಬಲ ಕೊಟ್ಟೀತೆಂಬ ಅಳುಕು ಮಿಶನರಿಗಳಲ್ಲಿತ್ತು. ಅಚ್ಚಿನ ಮೊಳೆ ಕೊಟ್ಟ ಕೈಯೇ ಬಾಗಿಲನ್ನೂ ಹಿಡಿದು ನಿಂತಿತ್ತು. ಆ ಚರ್ಚು 1964ರಲ್ಲಿ ಮಿಶನ್ನಿನಿಂದ ಸ್ವತಂತ್ರವಾಯಿತು. ದೇಶ ಸ್ವತಂತ್ರವಾದದ್ದು ಅದಾದ ಎರಡು ವರ್ಷಕ್ಕೆ.

ಇಷ್ಟೆಲ್ಲ ಹಿಂದಿರುವ ಚರ್ಚಿನೊಳಗೆ ಭಾನುವಾರ ನಮ್ಮ ಸ್ವಯಂಸೇವಕ ಹೋಗಿ ಕೂರುತ್ತಾನೆ. ಹಾಡು ಕೇಳುತ್ತಾನೆ. 'ಸಂಗೀತ ಇವರ ರಕ್ತದಲ್ಲೇ ಇದೆ' ಎಂದು ಬರೆಯುತ್ತಾನೆ. ರಕ್ತದಲ್ಲಿಲ್ಲ ಮಾರಾಯರೇ, ಅಭ್ಯಾಸದಲ್ಲಿದೆ! ಆ ಭಾಗದ ಗಾಯಕವೃಂದಗಳು ಸ್ವರಾಕ್ಷರ ಪದ್ಧತಿಯಲ್ಲಿ, ಡೋ-ರೆ-ಮಿಯ ಮೊದಲ ಅಕ್ಷರಗಳನ್ನು ಓದಿಕೊಂಡು, ನಾಲ್ಕು ದನಿಗಳನ್ನು ಹೊಂದಿಸಿಕೊಂಡು ಕಲಿಯುತ್ತವೆ. ನಮ್ಮೂರ ಸಂಗೀತದ ಮೇಷ್ಟರನ್ನು 'ರಕ್ತದಲ್ಲೇ ಇದೆ' ಎಂದು ಹೊಗಳಿ ನೋಡಿ, ನಲವತ್ತು ವರ್ಷದ ಸಾಧಕದ ಲೆಕ್ಕ ಒಪ್ಪಿಸುತ್ತಾರೆ.

ಪೀಠಗಳಲ್ಲಿ ಹೆಚ್ಚಾಗಿ ಹೆಂಗಸರು, ಮುದುಕರು, ಮಕ್ಕಳು. ಗಂಡಸರೆಲ್ಲಿ ಎಂದು ಅವನು ಕೇಳುವುದಿಲ್ಲ. ಕೇಳಿದ್ದರೆ, ತಲೆಮಾರುಗಳ ಕಾಲ ಬಾಸೊಥೊ ಗಂಡಸರು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಹೋದದ್ದು, ಎದೆಗೆ ಧೂಳು ತುಂಬಿಕೊಂಡು ಮರಳಿದ್ದು, ತೊಂಬತ್ತರ ದಶಕದಿಂದ ಆ ಕೆಲಸಗಳೂ ಕರಗಿದ್ದು ತಿಳಿಯುತ್ತಿತ್ತು. ಅಜ್ಜಿಯೊಬ್ಬಳ ಜೊತೆ ಬಿಂದಿಗೆ ಹಿಡಿದು ಒರತೆಗೆ ಹೋದದ್ದನ್ನು 'ಬದುಕಿನ ಪಾಠ' ಎಂದು ಬರೆಯುತ್ತಾನೆ. 1986ರ ಒಪ್ಪಂದದಂತೆ ಕಟ್ಸೆ ಅಣೆಕಟ್ಟಿನಿಂದ ಸುರಂಗಗಳಲ್ಲಿ ಜೊಹಾನ್ಸ್‌ಬರ್ಗ್ ಕಡೆಗೆ ನೀರು ಮಾರುವ ದೇಶ ಅದು. ಆ ಅಜ್ಜಿಗೆ ನಲ್ಲಿ ಯಾಕಿಲ್ಲ ಎಂಬುದೇ ಅಲ್ಲಿಯ ಪಾಠ. ನಗುವಿನ ಬಗ್ಗೆ ಬರೆದವನಿಗೆ ಆ ಪ್ರಶ್ನೆ ಬೀಳುವುದಿಲ್ಲ, ಯಾಕೆಂದರೆ ಖುಷಿಯಾಗಿರುವವರಿಗೆ ನಲ್ಲಿ ಬೇಕಿಲ್ಲವಲ್ಲ!

ಇನ್ನು 'ಸ್ವಯಂಸೇವಕ' ಎಂಬ ಪದ. ಲೆಸೊಥೊದಲ್ಲಿ ವಯಸ್ಕರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಎಚ್‌ಐವಿ ಇದೆ. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸಿದವರು, ಮಾತ್ರೆ ನೆನಪಿಸಿದವರು, ತಬ್ಬಲಿ ಮಕ್ಕಳನ್ನು ತಮ್ಮ ಮಕ್ಕಳ ಸಾಲಿನಲ್ಲಿ ಕೂರಿಸಿ ಉಣಿಸಿದವರು ಊರಿನ ಹೆಂಗಸರು, ಅಜ್ಜಿಯರು. ಸತ್ತವರ ಮಣ್ಣಿನ ಖರ್ಚಿಗೆ ತಿಂಗಳು ತಿಂಗಳು ಹಣ ಕೂಡಿಸುವ ಸಂಘಗಳೂ ಅವರವೇ. ಗಡಿಯಾಚೆ ದಕ್ಷಿಣ ಆಫ್ರಿಕಾದಲ್ಲಿ ಚರ್ಚಿನ ಹೆಂಗಸರ ಮನ್ಯಾನೊ ಕೂಟಗಳು ಗುರುವಾರ ಸೇರುವುದು ರೂಢಿ. ಬಿಳಿಯರ ಮನೆಗೆಲಸದವರಿಗೆ ಬಿಡುವಿದ್ದದ್ದು ಅಂದು. ಇರುವ ಒಂದು ರಜೆಯನ್ನೂ ಒಬ್ಬರಿಗೊಬ್ಬರು ಕೊಟ್ಟುಕೊಂಡವರು ಇವರು. ಬರಹದಲ್ಲಿ ಇವರ ಹೆಸರು 'ಸ್ಥಳೀಯರು'. ಒಂದು ದಿನ ಬಂದು ಗೋಡೆಗೆ ಅರ್ಧ ಬಣ್ಣ ಬಳಿದವನು ಮಾತ್ರ 'ಸ್ವಯಂಸೇವಕ'. ಉಂಡವನು ಅತಿಥಿ, ಉಣಿಸಿದವರು ಆತಿಥೇಯರು. ಈ ಸರಳ ಲೆಕ್ಕವನ್ನೇ ತಿರುಗಿಸಿ ಬರೆಯಲಾಗುತ್ತಿದೆ.

'ಹೋದವರ ಮನಸ್ಸು ಒಳ್ಳೆಯದು, ಬಿಡಿ' ಎಂದು ಸ್ನೇಹಿತರು ಹೇಳುತ್ತಾರೆ. ಮನಸ್ಸಿನ ಮೇಲೆ ನನಗೆ ಅನುಮಾನವಿಲ್ಲ. ಹೋಗಲೇಬಾರದು ಎಂದೂ ನಾನು ಹೇಳುವುದಿಲ್ಲ. ಆದರೆ ಒಳ್ಳೆಯ ಮನಸ್ಸು ಕೆಟ್ಟ ಬರಹಕ್ಕೆ ಜಾಮೀನಾಗಬಾರದು.

ಕನ್ನಡದ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ಮೊರಿಜಾಕ್ಕೆ ಫ್ರೆಂಚರು ಹೋದ ಮರುವರ್ಷ, 1834ರಲ್ಲಿ, ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. 1843ರಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ತಂದ. 1894ರಲ್ಲಿ ಕಿಟೆಲ್ ನಿಘಂಟು ಬಂತು. ಆ ಚರಿತ್ರೆಯನ್ನು ನಾವು ಕೃತಜ್ಞತೆ ಮತ್ತು ಜಗಳ ಎರಡನ್ನೂ ಇಟ್ಟುಕೊಂಡೇ ಓದುತ್ತೇವೆ. ಯಾರಾದರೂ ಒಂದು ಭಾನುವಾರ ಬಲ್ಮಠದ ಚರ್ಚಿನಲ್ಲಿ ಕೂತು ಎದ್ದು, 'ಇವರ ಬಳಿ ಏನೂ ಇಲ್ಲ, ಆದರೂ ನಗುತ್ತಾರೆ' ಎಂದು ಬರೆದರೆ ಸುಮ್ಮನಿರುತ್ತೇವೆಯೇ? ನಮಗೆ ಸಲ್ಲದ ವಾಕ್ಯ ಬಾಸೊಥೊ ಜನರಿಗೆ ಹೇಗೆ ಸಲ್ಲುತ್ತದೆ?

ಆದ್ದರಿಂದ ಅತ್ತ ಹೊರಟ ಗೆಳೆಯರಲ್ಲಿ ನನ್ನದು ಇಷ್ಟೇ ಕೋರಿಕೆ. ಹಾಡು ಕಲಿಸಿದವರು ಯಾರೆಂದು ಕೇಳಿ. ಸಂಘದ ಲೆಕ್ಕದ ಪುಸ್ತಕ ಯಾರ ಬಳಿ ಇರುತ್ತದೆ ಎಂದು ಕೇಳಿ. ಮಗುವಿನ ಫೋಟೊ ತೆಗೆಯುವ ಮೊದಲು ಅದರ ಅಜ್ಜಿಯನ್ನು ಕೇಳಿ. ಸಿಕ್ಕ ಉತ್ತರಗಳನ್ನು ಬರೆಯಿರಿ; ಉಬ್ಬಿಸಬೇಕಿಲ್ಲ. ಕೇಳಲು ಪುರುಸೊತ್ತಿಲ್ಲದಿದ್ದರೆ, ಅವರ ನಗುವನ್ನಾದರೂ ಅವರಿಗೇ ಬಿಟ್ಟುಬನ್ನಿ. ಅವರು ನಗುತ್ತಿದ್ದದ್ದು ನಿಮ್ಮನ್ನು ನೋಡಿಯೂ ಇದ್ದೀತು.