ಚಿಲಕವಿಲ್ಲದ ಬಾಗಿಲು



ಈ ಅಂಕಣದಲ್ಲಿ ಜೋಳದ ಸುಳಿನೊಣ, ದನಗಳ ಕಾಲುಬಾಯಿ ಬೇನೆಯ ಬಗ್ಗೆ ಬರೆದಾಗ ಬಲಿಪೂಜೆ ಮುಗಿದ ಮೇಲೆ ನೀವು ನಿಂತು ಮಾತನಾಡಿಸುತ್ತೀರಿ. ಇಂದಿನ ವಿಷಯ ಓದಿ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಸಂಡಾಸಿನ ಮಾತನ್ನೇ ಆಡಬೇಕಾಗಿದೆ.

ಹೋಟಗಿ ಕಡೆಯ ಒಕ್ಕಲು ಮನೆತನದ ಒಬ್ಬ ತರುಣನನ್ನು ನಾವು ಬಲ್ಲೆವು. ದಿನಾ ಸೋಲಾಪುರದ ಕಾಲೇಜಿಗೆ ಹೋಗಿಬರುತ್ತಿದ್ದ. ಬೆಳಿಗ್ಗೆ ಮನೆಯಲ್ಲಿ ಮೂತ್ರಕ್ಕೆ ಹೋದರೆ ಮತ್ತೆ ಸಂಜೆ ಮನೆ ಸೇರಿದ ಮೇಲೆಯೇ. ಹೊರಗಿನ ಮೂತ್ರಿಯಲ್ಲಿ ಹಿಂದೆ ಯಾರಾದರೂ ನಿಂತರೆ ಒಂದು ಹನಿಯೂ ಬಾರದು. ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಟ್ಟ. ಗೆಳೆಯರು ನಕ್ಕರು. ಲಗ್ನ, ಜಾತ್ರೆ, ದೂರದ ಪ್ರಯಾಣ ಒಂದೊಂದಾಗಿ ತಪ್ಪಿಸಿದ. ಕಡೆಗೆ ಕಾಲೇಜನ್ನೂ ಬಿಟ್ಟ. ಮನೆಯವರು ‘ಮೈಗಳ್ಳನಾದ’ ಎಂದರು. ನಾವೂ ಹಾಗೆಯೇ ತಿಳಿದಿದ್ದೆವೆಂದು ಒಪ್ಪಿಕೊಳ್ಳಬೇಕು.

ಅದು ಮೈಗಳ್ಳತನವಾಗಿರಲಿಲ್ಲ. 1954ರಲ್ಲೇ ಮನೋವಿಜ್ಞಾನಿಗಳು ಇದಕ್ಕೆ ಪ್ಯಾರುರೆಸಿಸ್ ಎಂದು ಹೆಸರಿಟ್ಟಿದ್ದಾರೆ. ನಾಲ್ಕು ಜನರ ಕಣ್ಣಿಗೆ ಅಳುಕುವ ಆತಂಕದ ಬೇನೆಗಳ ಗುಂಪಿಗೆ ವೈದ್ಯರು ಇದನ್ನು ಸೇರಿಸುತ್ತಾರೆ. ನಮಗೆ ತಿಳಿಯಬೇಕಾದರೆ ಎಮ್ಮೆಯನ್ನು ನೋಡಬೇಕು. ಹೊಸಬರು ಹಿಂಡಲು ಕೂತರೆ, ನಾಯಿ ಮೈಮೇಲೆ ಬಂದರೆ, ಕೆಚ್ಚಲು ತುಂಬಿದ್ದರೂ ಅದು ಹಾಲು ಇಳಿಸುವುದಿಲ್ಲ. ಹೊಡೆದರೆ ಇನ್ನೂ ಬಿಗಿ ಹಿಡಿಯುತ್ತದೆ. ಮನುಷ್ಯನಿಗೆ ಅಂಜಿಕೆಯಾದಾಗಲೂ ನರಗಳು ಮೂತ್ರಕೋಶದ ಬಾಯಿಯನ್ನು ಬಿಗಿಯುತ್ತವೆ. ಒತ್ತಾಯ ಮಾಡಿದಷ್ಟೂ ಬಿಗಿ. ಒಮ್ಮೆ ಹಾಗಾದರೆ ಮರುದಿನ ಹಾಗೆಯೇ ಆದೀತೆಂಬ ಭಯ. ಆ ಭಯವೇ ಮನುಷ್ಯನನ್ನು ಮನೆಯಲ್ಲಿ ಕೂಡಿಹಾಕುತ್ತದೆ, ಮನಸ್ಸು ಕುಗ್ಗಿಸುತ್ತದೆ.

ಹೆಣ್ಣುಮಕ್ಕಳ ಪಾಡು ಬೇರೆ. ಅವರ ಅಂಜಿಕೆಗೆ ಕಾರಣ ಹೊರಗೇ ಇದೆ: ಚಿಲಕವಿಲ್ಲದ ಬಾಗಿಲು, ನೀರಿಲ್ಲದ ತೊಟ್ಟಿ, ದೀಪವಿಲ್ಲದ ದಾರಿ. ಕಬ್ಬು ಕಡಿಯುವ ಹೆಂಗಸು ಮರೆ ಸಿಗುವ ತನಕ ತಡೆದುಕೊಳ್ಳುತ್ತಾಳೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೀರು ಬಿಟ್ಟರೆ ಉರಿಮೂತ್ರ, ಸೋಂಕು, ಹರಳು ಬರಲು ತಡವಿಲ್ಲ. ಇವರಿಗೆ ‘ಧೈರ್ಯ ತಂದುಕೋ ತಂಗಿ’ ಎನ್ನುವುದು ಅನ್ಯಾಯ.

2000-01ರಲ್ಲಿ ಮಹಾರಾಷ್ಟ್ರ ಸರ್ಕಾರ ಸಂತ ಗಾಡಗೇ ಬಾಬಾ ಹೆಸರಿನಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನ ತೆಗೆಯಿತು, 2014ರಲ್ಲಿ ಸ್ವಚ್ಛ ಭಾರತ ಬಂತು. ಮನೆಗಳಿಗೆ ಸಂಡಾಸು ಬಂದವು (ಕೆಲವರು ಅದರಲ್ಲಿ ಕುಳ್ಳು ಒಟ್ಟಿದ್ದಾರೆ, ಅದು ಬೇರೆ ಮಾತು). ಮನೆ ಬಿಟ್ಟು ಹೊರಟವರ ಗತಿಯನ್ನು ಅಷ್ಟಾಗಿ ಯಾರೂ ಕೇಳಲಿಲ್ಲ. ಮೋಶೆಯಾದರೋ ಪಾಳೆಯದ ಜನರಿಗೂ ಶೌಚಕ್ಕೆ ಜಾಗ ಗೊತ್ತುಮಾಡಿ, ಅಗೆದು ಮುಚ್ಚಲು ಹೇಳಿದ್ದು ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿದೆ. ಶ್ರೀಗ್ರಂಥಕ್ಕಿಲ್ಲದ ನಾಚಿಕೆ ನಮಗೇಕೆ?

ಇಂಥ ತೊಂದರೆಯಿದ್ದವರು ಮೊದಲು ಡಾಕ್ಟರರಿಗೆ ತೋರಿಸಬೇಕು. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪಗಾದರೂ ಮೂತ್ರ ಕಟ್ಟುತ್ತದೆ. ಪೂರ್ತಿ ಕಟ್ಟಿ ಕಿಬ್ಬೊಟ್ಟೆ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಬರೀ ಅಂಜಿಕೆಯೆಂದಾದರೆ ಹೋರಿ ಪಳಗಿಸುವ ರೀತಿಯೇ ಮದ್ದು. ಮೊದಲ ದಿನವೇ ಯಾರೂ ನೇಗಿಲು ಹೂಡುವುದಿಲ್ಲ. ನಂಬಿಗಸ್ತನೊಬ್ಬ ಮನೆಯಲ್ಲೇ ಬಾಗಿಲಿಂದ ದೂರ ನಿಲ್ಲಲಿ, ಕೆಲ ದಿನಗಳಲ್ಲಿ ಹತ್ತಿರ ಬರಲಿ. ಆಮೇಲೆ ಜನರಿಲ್ಲದ ಹೊತ್ತಿನ ಸಾರ್ವಜನಿಕ ಮೂತ್ರಿ, ಕಡೆಗೆ ಜನರಿರುವ ಹೊತ್ತು. ಮನೋವೈದ್ಯರೂ ಇದೇ ದಾರಿ ಹಿಡಿಸುತ್ತಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ನಂಬರಿನಲ್ಲಿ ಫೋನ್ ಮಾಡಿ ಕನ್ನಡದಲ್ಲೋ ಮರಾಠಿಯಲ್ಲೋ ಕೇಳಬಹುದು, ದುಡ್ಡಿಲ್ಲ.

ಆ ತರುಣ ಈಗ ಸೋದರಮಾವನ ಜೊತೆ ಈ ಅಭ್ಯಾಸ ನಡೆಸಿದ್ದಾನೆ. ಕಾಲೇಜಿನ ಮಾತು ಇನ್ನೂ ಎತ್ತಿಲ್ಲ, ನಾವೂ ಕೇಳಿಲ್ಲ.

ನಮ್ಮ ದೇವಾಲಯದ ಹಿಂದಿನ ಸಂಡಾಸಿನ ಬಾಗಿಲಿಗೆ ಚಿಲಕದ ಬದಲು ಹಗ್ಗ ಕಟ್ಟಿದೆ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಬೀಗರು, ಬಂಧುಗಳು ಬರುತ್ತಾರೆ. ಅಷ್ಟರೊಳಗೆ ಎರಡು ಚಿಲಕ, ಒಂದು ಬಲ್ಬು, ಎರಡು ಬಕೆಟ್ ಆಗಬೇಕು. ಬ್ಯಾಂಡಿನವರಿಗೆ ಕೊಡುವುದಕ್ಕಿಂತ ಕಮ್ಮಿ ಖರ್ಚು.